ಎಲೆ ಎಣಿಸಿ ನೋಡಿ

ನಮ್ಮ ಅಪಾರ್ಟ್‌ಮೆಂಟಿನ ಗೇಟಿನೆದುರು ಫುಟ್‌ಪಾತಿನಲ್ಲಿ ಒಂದು ಮರವಿದೆ. ವರ್ಷದ ಹತ್ತು ತಿಂಗಳು ಅದು ಯಾರ ತಂಟೆಗೂ ಬರುವುದಿಲ್ಲ. ಬುಡದಲ್ಲಿ ಎಳನೀರಿನವನ ತಳ್ಳುಗಾಡಿ, ಒಂದೆರಡು ಸ್ಕೂಟರು, ಕೊಂಬೆಗಳ ನಡುವೆ ಕೇಬಲ್ಲಿನ ಸಿಕ್ಕು. ಎಲ್ಲವನ್ನೂ ಸಹಿಸಿಕೊಂಡು ಸುಮ್ಮನೆ ನಿಂತಿರುತ್ತದೆ. ದಸರಾ ಮುಗಿದು ದೀಪಾವಳಿ ಹತ್ತಿರವಾಗುವಾಗ ಮಾತ್ರ ಅದಕ್ಕೆ ಏನೋ ಆಗುತ್ತದೆ. ಹಸಿರು ಬೆರೆತ ಬಿಳಿಯ ಸಣ್ಣ ಹೂಗಳು ಗೊಂಚಲು ಗೊಂಚಲಾಗಿ ಬಿರಿದು, ಕತ್ತಲಾಗುವುದನ್ನೇ ಕಾದು ಕುಳಿತಿದ್ದ ಹಾಗೆ ಪರಿಮಳ ಬಿಡುತ್ತವೆ. ಮೊದಲ ಉಸಿರಿಗೆ "ಆಹಾ". ಹತ್ತನೆಯ ಉಸಿರಿಗೆ "ಕಿಟಕಿ ಹಾಕಿ".

ಎರಡು ವರ್ಷದ ಹಿಂದೆ ನಿವಾಸಿಗಳ ಸಂಘದ ಸಭೆಯಲ್ಲಿ ಈ ಮರದ ವಿಚಾರ ಬಂತು. ಮೂರನೆಯ ಮಹಡಿಯವರಿಗೆ ತಲೆನೋವು. ಐದನೆಯ ಮಹಡಿಯ ಮಗುವಿಗೆ ಉಬ್ಬಸ. ಇನ್ನೊಬ್ಬರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಅದರಲ್ಲಿ ಮರದ ಪಾಲೆಷ್ಟು, ಅವರ ಮೊಬೈಲಿನ ಪಾಲೆಷ್ಟು ಎಂದು ಯಾರೂ ಕೇಳಲಿಲ್ಲ. ಪಾಲಿಕೆಗೆ ಅರ್ಜಿ ಕೊಟ್ಟು ಕಡಿಸಿಬಿಡುವುದೆಂದು ತೀರ್ಮಾನವಾಯಿತು. ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಅರ್ಜಿ ಬರೆಯುವವರು ಮರದ ಹೆಸರು ಕೇಳಿದಾಗ ಸಭೆಯಲ್ಲಿದ್ದ ಅಷ್ಟೂ ಮಂದಿ ಒಬ್ಬರ ಮುಖ ಒಬ್ಬರು ನೋಡಿದೆವು. ಕೊನೆಗೆ 'ವಾಸನೆ ಮರ' ಎಂದೇ ಬರೆದರು.

ಅದಾಗಿ ವಾರದಲ್ಲಿ ಊರಿನಿಂದ ಅಣ್ಣ ಬಂದ. ಆಟೋ ಇಳಿದವನು ಚೀಲವನ್ನು ಕೆಳಗಿಟ್ಟು, ತಲೆ ಎತ್ತಿ ನೋಡಿ, "ಎಂಥ ಮಾರಾಯ್ತಿ, ಪಾಲೆ ಮರವನ್ನು ಬಾಗಿಲಲ್ಲೇ ಇಟ್ಟುಕೊಂಡಿದ್ದೀ! ಇನ್ನು ಆಟಿಗೆ ನಿನಗೆ ಬಾಟ್ಲಿ ಕಳಿಸುವ ರಗಳೆ ಇಲ್ಲ" ಎಂದ.

ನಾನು ನಿಂತಲ್ಲೇ ನಿಂತೆ. ಪುತ್ತೂರಿನ ಕಡೆಯ ಹಳ್ಳಿಯಲ್ಲಿ ಹುಟ್ಟಿದವಳು. ನೆನಪು ಶುರುವಾದಾಗಿನಿಂದ ಪಾಲೆಯ ಕಷಾಯ ಕುಡಿದವಳು. ಐವತ್ತು ವರ್ಷದಿಂದ ಆ ಮರದ ಕಹಿಯ ಪರಿಚಯವುಂಟು. ಮುಖದ ಪರಿಚಯವಾದದ್ದು ಅಂದೇ.

ಅಣ್ಣ ಕೈಗೆಟುಕಿದ ಗೆಲ್ಲೊಂದನ್ನು ಬಗ್ಗಿಸಿ ತೋರಿಸಿದ. ಒಂದೇ ಗಿಣ್ಣಿನಿಂದ ಸುತ್ತಲೂ ಹೊರಟ ಎಲೆಗಳು, ಬಿಡಿಸಿದ ಕೊಡೆಯ ಕಡ್ಡಿಗಳ ಹಾಗೆ. ಸಪ್ತಪರ್ಣಿ, ಏಳೆಲೆ ಹಾಲೆ ಎಂದೆಲ್ಲ ಹೆಸರು ಕೇಳಿದ್ದೆನಲ್ಲ, ಎಣಿಸಿದೆ. ಆರು.

"ಆರೇ ಇದೆಯಲ್ಲ?"

"ಒಂದನ್ನು ನಿಮ್ಮ ಬೆಂಗಳೂರು ತಿಂದಿರಬೇಕು" ಎಂದ. ಆಮೇಲೆ ಗಂಭೀರವಾಗಿ ಹೇಳಿದ: ಏಳೇ ಇರಬೇಕೆಂದಿಲ್ಲ, ನಾಲ್ಕೂ ಇರುತ್ತದೆ, ಕೆಲವು ಸಲ ಹತ್ತೂ ಇರುತ್ತದೆ. ಏಳು ಎನ್ನುವುದು ಬಾಯಿಗೆ ಚೆಂದ, ಅಷ್ಟೆ. ಪಕ್ಕದ ಗೊಂಚಲು ಎಣಿಸಿದೆ. ಏಳು ಸಿಕ್ಕಿತು. ಏಕೋ ಸಮಾಧಾನವಾಯಿತು.

ಘಟ್ಟದ ಮೇಲಿನವರಿಗೆ ಇಲ್ಲಿ ಎರಡು ಮಾತು ಹೇಳಬೇಕು. ಆಟಿ ಎಂದರೆ ತುಳುವರ ಸೌರಮಾನದ ಒಂದು ತಿಂಗಳು, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ನೇಜಿ ನೆಟ್ಟು ಮುಗಿದಿರುತ್ತದೆ, ಕಣಜ ಬರಿದಾಗಿರುತ್ತದೆ, ಮಳೆ ಮಾತ್ರ ಭರ್ತಿ. ಮದುವೆ ಮುಂಜಿ ಇಲ್ಲ. ಹೊಸ ಮದುಮಗಳು ತವರಿಗೆ ಬರುತ್ತಾಳೆ. ತಿನ್ನಲು ಗುಡ್ಡದಲ್ಲಿ, ತೋಟದ ಬದಿಯಲ್ಲಿ ತಾನಾಗಿ ಬೆಳೆದದ್ದು: ಕೆಸುವಿನ ಪತ್ರೊಡೆ, ಕಣಿಲೆ, ತಗತೆ ಸೊಪ್ಪು, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ. ನಡುವೆ ಒಮ್ಮೊಮ್ಮೆ ಬಿಸಿಲು ಬಂದರೆ ಆನೆಯ ಬೆನ್ನೂ ಬಿರಿಯುತ್ತದೆ ಎಂದು ಗಾದೆ. ಊರಿಗೆ ಬಂದ ಮಾರಿಯನ್ನು ಕಳೆಯಲು ಆಟಿ ಕಳೆಂಜ ಮನೆಮನೆಗೆ ಬರುತ್ತಾನೆ. ಈ ತಿಂಗಳಿನ ಅಮಾವಾಸ್ಯೆಯ ದಿನ ಬೆಳಿಗ್ಗೆ ಖಾಲಿ ಹೊಟ್ಟೆಗೆ ಪಾಲೆ ಮರದ ತೊಗಟೆಯ ಕಷಾಯ. ಸಾಮಾನ್ಯವಾಗಿ ಘಟ್ಟದ ಮೇಲೆ ಅದೇ ದಿನ ಭೀಮನ ಅಮಾವಾಸ್ಯೆ. ಅಲ್ಲಿ ಗಂಡನ ಪಾದಪೂಜೆ, ಇಲ್ಲಿ ಕಹಿ ಕಷಾಯ. ಎರಡನ್ನೂ ಕಂಡ ನನ್ನ ಅಭಿಪ್ರಾಯವನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಮ್ಮದು ಅಜ್ಜಿಯ ಮನೆ, ಅಂದರೆ ಅಮ್ಮನ ತವರು. ಯಜಮಾನಿಕೆ ದೊಡ್ಡ ಮಾವನದು. ಅಮಾವಾಸ್ಯೆಯ ಮುನ್ನಾದಿನ ಸಂಜೆ ದೊಡ್ಡ ಮಾವ ಗುಡ್ಡಕ್ಕೆ ಹೋಗಿ ಮರವನ್ನು ನೋಡಿ, ಬುಡಕ್ಕೊಂದು ಬಳ್ಳಿ ಕಟ್ಟಿ ಬರುತ್ತಿದ್ದರು. ಮರುದಿನ ಬೆಳಕು ಹರಿಯುವ ಮೊದಲು, ಯಾರೊಡನೆಯೂ ಮಾತಾಡದೆ, ದೀಪವಿಲ್ಲದೆ, ಕತ್ತಿಯಿಲ್ಲದೆ ಹೋಗಬೇಕು. ಕಬ್ಬಿಣ ತಾಗಬಾರದು, ಕಲ್ಲಿನಲ್ಲಿ ಜಜ್ಜಿ ಕೆತ್ತೆ, ಅಂದರೆ ತೊಗಟೆ, ಎಬ್ಬಿಸಬೇಕು. ಆ ಹೊತ್ತಿಗೆ ಲೋಕದ ಸಾವಿರದೊಂದು ಮದ್ದುಗಳೂ ಪಾಲೆಯ ಕೆತ್ತೆಯಲ್ಲಿ ಬಂದು ಸೇರಿರುತ್ತವೆಂದು ನಂಬಿಕೆ. ಮತ್ತೊಂದು ಕಟ್ಟಳೆಯೂ ಇತ್ತು: ಹೋಗುವವರು ಬೆತ್ತಲೆ ಹೋಗಬೇಕು. ದೊಡ್ಡ ಮಾವ ನಿಜವಾಗಿಯೂ ಹಾಗೆ ಹೋಗುತ್ತಿದ್ದರೇ ಎಂಬುದು ನಮ್ಮ ಮಕ್ಕಳ ಸೈನ್ಯಕ್ಕೆ ವರ್ಷವಿಡೀ ತನಿಖೆಯ ವಿಷಯ. ಮೈಮೇಲೆ ಮಳೆಗೆ ಹೊದೆಯುವ ಗೊರಬು ಕವುಚಿಕೊಂಡಿರುತ್ತಿದ್ದರು. ಅದರೊಳಗೆ ಏನಿತ್ತೋ ಏನಿರಲಿಲ್ಲವೋ, ಆ ಮಳೆಗೂ ಆ ಕತ್ತಲೆಗೂ ಮಾತ್ರ ಗೊತ್ತು.

ಈ ಕಟ್ಟಳೆಯ ದೆಸೆಯಿಂದ ಹೆಂಗಸರು ಆ ಹೊತ್ತಿಗೆ ಅತ್ತ ಸುಳಿಯುವಂತಿರಲಿಲ್ಲ. ಹತ್ತು ವರ್ಷ ತುಂಬಿದ ಮೇಲೆ ಅಣ್ಣನನ್ನು ಮುನ್ನಾದಿನ ಜೊತೆಗೆ ಕರೆದುಕೊಂಡು ಹೋಗಿ ಮರ ತೋರಿಸಿದರು. ನನ್ನನ್ನು ಕರೆಯಲಿಲ್ಲ, ಕೇಳಬೇಕೆಂದು ನನಗೂ ಹೊಳೆಯಲಿಲ್ಲ. ನನಗೆ ಗೊತ್ತಿದ್ದ ಪಾಲೆ ಎಂದರೆ ಅಡುಗೆಮನೆಯ ಹೊಸ್ತಿಲು ದಾಟಿ ಬರುವ, ಬಾಳೆಲೆಯಲ್ಲಿ ಸುತ್ತಿದ, ಒದ್ದೆಯಾದ ಬೂದು ಬಣ್ಣದ ಚೂರುಗಳು.

ಹೊಸ್ತಿಲಿನಿಂದ ಈಚೆಗೆ ಅಜ್ಜಿಯ ರಾಜ್ಯ. ಮೇಲಿನ ಒರಟು ಸಿಪ್ಪೆ ಹೆರೆದು ತೆಗೆದು, ಒಳಗಿನದನ್ನು ಓಮ, ಕರಿಮೆಣಸು, ಬೆಳ್ಳುಳ್ಳಿ, ಅರಿಶಿನದ ಜೊತೆ ಕಡೆಯುವ ಕಲ್ಲಿನಲ್ಲಿ ಅರೆದು, ಹಿಂಡಿ ರಸ ತೆಗೆಯುತ್ತಿದ್ದರು. ಅಷ್ಟರಲ್ಲಿ ಒಲೆಯ ಕೆಂಡದೊಳಗೆ ತೋಡಿನಿಂದ ಆಯ್ದು ತಂದ ಬಿಳಿಯ ಬೆಣಚುಕಲ್ಲು ಕೆಂಪಗೆ ಕಾದಿರುತ್ತಿತ್ತು. ಅದನ್ನು ಇಕ್ಕುಳದಲ್ಲಿ ಹಿಡಿದು ರಸಕ್ಕೆ ಬಿಟ್ಟರೆ 'ಚೊಂಯ್' ಎಂದು ಏಳುವ ಆವಿಗೆ ಮನೆಯ ಬೆಕ್ಕು ಕೂಡ ಹೊರಗೆ ಓಡುತ್ತಿತ್ತು. ಕಲ್ಲಿನ ಒಗ್ಗರಣೆ! ದೊಡ್ಡವರಿಗೆ ಗೆರಟೆಯ ಕಾಲು ಭಾಗ, ಮಕ್ಕಳಿಗೆ ಒಂದು ಚಮಚ, ಬಸುರಿಯರಿಗೂ ಹಾಲೂಡುವವರಿಗೂ ಇಲ್ಲ. ಈ ಅಳತೆಯ ವಿಷಯದಲ್ಲಿ ಅಜ್ಜಿ ಯಾರ ಮಾತೂ ಕೇಳುತ್ತಿರಲಿಲ್ಲ. 'ಒಳ್ಳೆಯದಲ್ಲವಾ, ಇನ್ನೊಂದಿಷ್ಟು ಕುಡಿಯಲಿ' ಎನ್ನುವವರಿಗೆ, 'ಒಳ್ಳೆಯದಾದ್ದರಿಂದಲೇ ಇಷ್ಟು' ಎನ್ನುತ್ತಿದ್ದರು.

ರುಚಿ ಹೇಗೆ ಹೇಳಲಿ? ಹಾಗಲದ ಕಹಿ ನಾಲಗೆಯದು. ಬೇವಿನ ಕಹಿ ಗಂಟಲಿನದು. ಪಾಲೆಯ ಕಹಿ ಇವೆರಡನ್ನೂ ದಾಟಿ ಕಿವಿಯ ಹಿಂದೆ ಹೋಗಿ ಕೂರುತ್ತದೆ. ಕುಡಿದ ಕೂಡಲೆ ಬಾಯಿಗೆ ಓಲೆಬೆಲ್ಲದ ಚೂರು ಸಿಗುತ್ತದೆ. ಬೆಲ್ಲ ಕರಗಿ ಮುಗಿದರೂ ಕಹಿ ಅಲ್ಲೇ ಇರುತ್ತದೆ. ಪಾಲೆ ಉಷ್ಣ, ಅದಕ್ಕೆ ತಂಪಾಗಿ ಮೆಂತ್ಯದ ಗಂಜಿ: ಬೆಳ್ತಿಗೆ ಅಕ್ಕಿ, ಮೆಂತ್ಯ, ತೆಂಗಿನ ಹಾಲು, ಬೆಲ್ಲ. ವರ್ಷದಲ್ಲಿ ಇನ್ನಾವ ದಿನ ಮಾಡಿದರೂ ಆ ಗಂಜಿಗೆ ಆ ರುಚಿ ಬರುವುದಿಲ್ಲ. ಎಷ್ಟೋ ಸಲ ಮಾಡಿ ನೋಡಿದ್ದೇನೆ.

ದೊಡ್ಡ ಮಾವ ಕೆತ್ತೆಯ ಕಟ್ಟನ್ನು ಹೊಸ್ತಿಲ ಮೇಲಿಟ್ಟಾಗ ಅಜ್ಜಿ ಕೇಳುತ್ತಿದ್ದ ಪ್ರಶ್ನೆ ಒಂದೇ. "ಹಾಲು ಎಲ್ಲಿ?" ಕಟ್ಟು ಬಿಚ್ಚಿ, ಚೂರುಗಳ ಅಂಚಿನಲ್ಲಿ ಒಸರಿ ಹೆಪ್ಪಾದ ಬಿಳಿಯ ಹಾಲನ್ನು ಬೆರಳ ತುದಿಯಲ್ಲಿ ಮುಟ್ಟಿ, ಅಂಟನ್ನು ನೋಡಿ, ಆಮೇಲೆಯೇ ಮುಂದಿನ ಕೆಲಸ. ಅದೂ ಪೂಜೆಯ ಒಂದು ಭಾಗವೆಂದೇ ನಾನು ತಿಳಿದಿದ್ದೆ.

ನಾನು ಆರನೆಯ ತರಗತಿಯಲ್ಲಿದ್ದ ವರ್ಷ ಅಮಾವಾಸ್ಯೆಗೆ ಸರಿಯಾಗಿ ದೊಡ್ಡ ಮಾವನಿಗೆ ಜ್ವರ ಬಂತು. ಹಿಂದಿನ ಹತ್ತಾರು ವರ್ಷದ ಕಷಾಯಗಳು ಎಲ್ಲಿ ಹೋದವೋ. ಬಳ್ಳಿ ಕಟ್ಟಿದ್ದೂ ನಸುಕಿಗೆ ಹೋದದ್ದೂ ಚಿಕ್ಕ ಮಾವ. ರಪರಪ ಮಳೆ. ಸ್ವಲ್ಪ ಹೊತ್ತಿನಲ್ಲೇ ವಾಪಸು ಬಂದು ಕಟ್ಟು ಇಟ್ಟರು. "ಹಾಲು ಎಲ್ಲಿ?" ಎಂದರು ಅಜ್ಜಿ. "ಮಳೆಗೆ ತೊಳೆದು ಹೋಗಿದೆ" ಎಂದರು ಚಿಕ್ಕ ಮಾವ. ಅಜ್ಜಿ ಒಂದು ಚೂರನ್ನು ಚಿಮಿಣಿ ದೀಪದ ಹತ್ತಿರ ಹಿಡಿದು, ಮುರಿದು, ಅಂಚನ್ನು ಒತ್ತಿ ನೋಡಿದರು. ಏನೂ ಹೇಳದೆ ಇಡೀ ಕಟ್ಟನ್ನು ಎತ್ತಿ ಅಂಗಳದಾಚೆಗೆ ಎಸೆದು, ಕೈಯನ್ನು ಮೂರು ಸಲ ತೊಳೆದು ಬಂದರು. ಆ ವರ್ಷ ನಮಗೆ ಬರೀ ಮೆಂತ್ಯದ ಗಂಜಿ. ಮಕ್ಕಳ ಪಾಲಿಗೆ ಅಂಥ ಆಟಿ ಅಮಾವಾಸ್ಯೆ ಮತ್ತೆ ಬರಲಿಲ್ಲ.

ಬೆಳಕಾದ ಮೇಲೆ ಹೋಗಿ ನೋಡಿದರೆ ಬಳ್ಳಿ ಕಟ್ಟಿದ್ದ ಪಾಲೆ ಮರದ ಮೈಯಲ್ಲಿ ಗಾಯವೇ ಇರಲಿಲ್ಲ. ಚಿಕ್ಕ ಮಾವ ಕತ್ತಲೆಯಲ್ಲಿ ಜಜ್ಜಿದ್ದು ಪಕ್ಕದ ಕಾಯೆರನ್ನು.

ಕಾಯೆರ್ ಎಂದರೆ ಕನ್ನಡದ ಕಾಸರಕ. ಕರಾವಳಿಯ ಮುರಕಲ್ಲಿನ ಗುಡ್ಡಗಳಲ್ಲಿ ಪಾಲೆಯ ನೆರೆಯಲ್ಲೇ ಬೆಳೆಯುವ ಮರ. ಕಿತ್ತಳೆ ಬಣ್ಣದ ಚೆಂಡಿನಂಥ ಹಣ್ಣು, ನೋಡಿದರೆ ತಿನ್ನಬೇಕೆನಿಸುತ್ತದೆ. ಒಳಗಿನ ಬಿಲ್ಲೆಯಂಥ ಬೀಜದಲ್ಲಿರುವುದು ಸ್ಟ್ರಿಕ್ನಿನ್. ತೊಗಟೆಯಲ್ಲೂ ವಿಷವುಂಟು. ಮೈಯ ಸ್ನಾಯುಗಳನ್ನೆಲ್ಲ ಬಿಲ್ಲಿನಂತೆ ಸೆಟೆಸಿ ಉಸಿರು ನಿಲ್ಲಿಸುವ ವಿಷ ಅದು. ವೈದ್ಯರು ಅದರ ಬೀಜವನ್ನೂ ಶುದ್ಧಿ ಮಾಡಿ ಮದ್ದಿಗೆ ಬಳಸುತ್ತಾರೆ, ಆ ಮಾತು ಬೇರೆ. ಅದೂ ಕಹಿ, ಇದೂ ಕಹಿ. ಕುಡಿಯುವ ನಾಲಗೆಗೆ ವ್ಯತ್ಯಾಸ ತಿಳಿಯುವುದಿಲ್ಲ. ಆಟಿ ಬಂದಾಗ ಊರಿನ ಪತ್ರಿಕೆಗಳಲ್ಲಿ ಮರ ಸರಿಯಾಗಿ ಗುರುತಿಸಿ ಎಂದು ಎಚ್ಚರಿಕೆ ಅಚ್ಚಾಗುವುದು ಇದಕ್ಕೇ. ಗಂಡಸರಿಗೆ ಎಲೆ ನೋಡಿ ಮರ ಗೊತ್ತು. ಆದರೆ ಹೋಗುವುದು ಎಲೆ ಕಾಣದ ಕತ್ತಲೆಯಲ್ಲಿ. ಅಜ್ಜಿ ಮರದ ಬುಡಕ್ಕೆ ಹೋದವರಲ್ಲ. ಆದರೆ ಕೆತ್ತೆಯ ಹಾಲು ಗೊತ್ತು. ಆ ದಿನ ಹನ್ನೊಂದು ಮಂದಿ ಬದುಕಿದ್ದು ಆ ಎರಡನೆಯ ವಿದ್ಯೆಯಿಂದ. ಚಿಕ್ಕ ಮಾವ ಮಾತ್ರ ಸಾಯುವವರೆಗೂ 'ಮಳೆಗೆ ತೊಳೆದು ಹೋಗಿತ್ತು' ಎಂದೇ ವಾದಿಸುತ್ತಿದ್ದರು.

ಪಾಲೆ ಹಾಲಿನ ಮರ. ಹೆಸರೇ ಹೇಳುತ್ತದೆ. ಹಳಗನ್ನಡದ ಪಾಲ್ ಹಾಲಾದಂತೆ ಪಾಲೆ ಹಾಲೆಯಾಯಿತು. ತುಳುವಿನಲ್ಲಿ ಹಳೆಯ ಪಕಾರವೇ ಉಳಿದಿದೆ. ಮದ್ದಾಲೆ ಎಂಬ ಹೆಸರೂ ಉಂಟು. ಆದರೆ ಕನ್ನಡದಲ್ಲಿ ಹಾಲು ಸುರಿಸುವ ಮರಗಳೆಲ್ಲ ಹಾಲೆಗಳೇ ಆಗಿ ಗೊಂದಲ. ಚನ್ನಪಟ್ಟಣದ ಬೊಂಬೆ ಮಾಡುವ ಹಾಲೆ ಬೇರೆ ಮರ, ಅದು ಬೆಪ್ಪಾಲೆ. ಇನ್ನು ತುಳುವಿನಲ್ಲಿ ಪಾಲೆ ಎನ್ನುವಲ್ಲಿ ನಾಲಗೆ ಸ್ವಲ್ಪ ಮಡಚಿ ಪಾಳೆ ಎಂದರೆ ಅಡಿಕೆಯ ಹಾಳೆ. ಬೆಂಗಳೂರಿನಲ್ಲೇ ಹುಟ್ಟಿದ ನನ್ನ ಮಗಳು ಬಹಳ ಕಾಲ ನಾವು ಅಡಿಕೆ ಹಾಳೆಯ ಊಟದ ತಟ್ಟೆಯನ್ನು ಕುದಿಸಿ ಕುಡಿಯುತ್ತೇವೆಂದು ನಂಬಿದ್ದಳು.

ಈ ಹಾಲಿನ ಕುಟುಂಬ ದೊಡ್ಡದು, ಅಷ್ಟೇ ವಿಚಿತ್ರ. ಕಣಗಿಲೆ ಇದರ ಹತ್ತಿರದ ನೆಂಟ, ಹೃದಯ ನಿಲ್ಲಿಸುವ ವಿಷ. ನಿತ್ಯಪುಷ್ಪವೂ ನೆಂಟ, ಅದರಿಂದ ತೆಗೆದ ವಿನ್‌ಕ್ರಿಸ್ಟಿನ್ ರಕ್ತದ ಕ್ಯಾನ್ಸರಿಗೆ ಮದ್ದು. ರಕ್ತದೊತ್ತಡಕ್ಕೆ ಮದ್ದು ಕೊಟ್ಟ ಸರ್ಪಗಂಧವೂ ಇದೇ ಮನೆತನದ್ದು. ಒಂದೇ ಮನೆಯಲ್ಲಿ ವೈದ್ಯರೂ ಕೊಲೆಗಾರರೂ ಹುಟ್ಟಿದ ಹಾಗೆ. ಪಾಲೆಯ ತೊಗಟೆಯಲ್ಲೂ ಇಂಥ ಕ್ಷಾರಗಳು ಹಲವು, ಮುಖ್ಯವಾದದ್ದು ಎಕಿಟಮೀನ್. ಅಜ್ಜಿಯ ಒಂದು ಚಮಚದ ಹಟಕ್ಕೆ ಕಾರಣ ಅಲ್ಲಿದೆ.

ಆಯುರ್ವೇದದವರಿಗೆ ಇದು ಹಳೆಯ ಪರಿಚಯ. ವಿಷಮಜ್ವರ, ಅತಿಸಾರ, ಹೊಟ್ಟೆಯ ಹುಳು, ಚರ್ಮದ ರೋಗ, ಇವಕ್ಕೆ ಸಪ್ತಪರ್ಣಿಯ ತೊಗಟೆ ಹೇಳಿದ್ದಾರೆ. ಚರ್ಮರೋಗಕ್ಕೆ ಕೊಡುವ ಮಹಾತಿಕ್ತಕ ಘೃತದ ಪಟ್ಟಿಯಲ್ಲಿ ಇದರದ್ದೇ ಮೊದಲ ಹೆಸರು. ಆಟಿಯಲ್ಲಿ ಕೆಸರುಗದ್ದೆಯಲ್ಲಿ ನಿಂತು ದುಡಿದವರಿಗೆ ಬರುವ ಕಾಯಿಲೆಗಳ ಪಟ್ಟಿಯೂ ಹೆಚ್ಚು ಕಡಿಮೆ ಇದೇ. ಕೊಚ್ಚಿಯ ಡಚ್ಚರ ಅಧಿಕಾರಿ ವಾನ್ ರೀಡ್, ಇಟ್ಟಿ ಅಚ್ಯುತನ್ ಎಂಬ ವೈದ್ಯರಿಂದಲೂ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ಪಂಡಿತರಿಂದಲೂ ಕೇಳಿ ಬರೆಸಿದ 'ಹೊರ್ತುಸ್ ಮಲಬಾರಿಕುಸ್' ಗ್ರಂಥದ ಮೊದಲ ಸಂಪುಟ 1678ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರಲ್ಲಿ ಪಾಲ ಎಂಬ ಹೆಸರಿನಲ್ಲೇ ಮರದ ಚಿತ್ರವಿದೆ. 1767ರಲ್ಲಿ ಲಿನೇಯಸ್ ಹೆಸರಿಡುವಾಗ ಮದ್ದನ್ನು ಬಿಟ್ಟು ಮರದ ಹಲಗೆಯನ್ನು ಹಿಡಿದ. ಹಗುರವಾದ ಬಿಳಿಯ ಮರ, ಶಾಲೆಯ ಮಕ್ಕಳ ಬರೆಯುವ ಹಲಗೆಗೆ ಬಳಸುತ್ತಿದ್ದರು. ಹಾಗಾಗಿ 'ಸ್ಕೊಲಾರಿಸ್'. ಮುಂದೆ ರಾಬರ್ಟ್ ಬ್ರೌನ್ ಅದನ್ನು ಆಲ್ಸ್ಟೋನಿಯ ಎಂಬ ಹೊಸ ಕುಲಕ್ಕೆ ಸೇರಿಸಿದ, ಎಡಿನ್‌ಬರೋದ ಪ್ರಾಧ್ಯಾಪಕ ಚಾರ್ಲ್ಸ್ ಆಲ್ಸ್ಟನ್ನನ ನೆನಪಿಗೆ. ಈ ಆಲ್ಸ್ಟನ್ ಬದುಕಿದ್ದಾಗ ಲಿನೇಯಸನ ವರ್ಗೀಕರಣವನ್ನು ಕಟುವಾಗಿ ವಿರೋಧಿಸಿದವನು. ಜಗಳಾಡಿದ ಇಬ್ಬರನ್ನೂ ಒಂದೇ ಮರಕ್ಕೆ ಕಟ್ಟಿಹಾಕಿದ್ದಾರೆ. ಶಾಂತಿನಿಕೇತನದಲ್ಲಿ ದೇವೇಂದ್ರನಾಥ ಠಾಕೂರರು ಧ್ಯಾನಕ್ಕೆ ಕುಳಿತದ್ದು ಈ ಮರದ ಅಡಿಯಲ್ಲಿ. ವಿಶ್ವಭಾರತಿಯ ಘಟಿಕೋತ್ಸವದಲ್ಲಿ ಇದರದೇ ಎಲೆ ಕೊಡುವ ರೂಢಿ. ವಿದ್ಯೆಗೂ ಈ ಮರಕ್ಕೂ ಇಷ್ಟು ನಂಟಿದ್ದೂ ನನಗೆ ಅದರ ವಿದ್ಯೆ ಹತ್ತಲಿಲ್ಲ.

ವಾಸನೆಯ ದೂರೂ ಹೊಸದಲ್ಲ. ಕಾಳಿದಾಸ ರಘುವಂಶದಲ್ಲಿ ಶರತ್ಕಾಲದಲ್ಲಿ ದಂಡೆತ್ತಿ ಹೊರಟ ರಘುವಿನ ಆನೆಗಳ ಸುದ್ದಿ ಹೇಳುವಾಗ ಈ ಹೂವಿನ ಪರಿಮಳವನ್ನು ಆನೆಯ ಮದಜಲದ ವಾಸನೆಗೆ ಹೋಲಿಸುತ್ತಾನೆ. ಮೂರನೆಯ ಮಹಡಿಯವರಿಗೆ ಇದನ್ನು ಹೇಳಿದೆ. "ಹಾಗಾದರೆ ಆಗಲೂ ಜನಕ್ಕೆ ತೊಂದರೆ ಇತ್ತು ಅಂತಾಯಿತು" ಎಂದರು.

ಈಗ ಮುಖ್ಯ ಪ್ರಶ್ನೆ. ಕಷಾಯದಿಂದ ಪ್ರಯೋಜನವುಂಟೇ? ಇದಕ್ಕೆ ನನ್ನ ಸ್ವಂತ ಸಾಕ್ಷಿ ಅಷ್ಟು ಗಟ್ಟಿಯಿಲ್ಲ. 1990ರ ದಶಕದಲ್ಲಿ ನಾನು ಮಂಗಳೂರಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದೆ. ಊರಿಡೀ ಕಟ್ಟಡಗಳು ಏಳುತ್ತಿದ್ದ ಕಾಲ, ನಿಂತ ನೀರಿಗೂ ಸೊಳ್ಳೆಗೂ ಬರವಿಲ್ಲ. ಮಂಗಳೂರು ಮಲೇರಿಯಾಕ್ಕೆ ಹೆಸರಾಗುತ್ತಿತ್ತು. ಆಟಿಯಲ್ಲಿ ಊರಿಗೆ ಹೋಗಿ ಶಾಸ್ತ್ರೋಕ್ತವಾಗಿ ಕಷಾಯ ಕುಡಿದು ಬಂದವಳಿಗೆ ಸೆಪ್ಟೆಂಬರಿನಲ್ಲಿ ದಿನ ಬಿಟ್ಟು ದಿನ ನಡುಕ. ರಕ್ತ ಪರೀಕ್ಷೆಯಲ್ಲಿ ವೈವಾಕ್ಸ್. ಕ್ಲೋರೋಕ್ವಿನ್, ಆಮೇಲೆ ಹದಿನಾಲ್ಕು ದಿನ ಪ್ರೈಮಾಕ್ವಿನ್. ಮಾತ್ರೆಯಿಂದಲೇ ಗುಣವಾಯಿತು. ದೊಡ್ಡ ಮಾವನಿಗೆ ಹೇಳಿದರೆ ಅವರಿಗೆ ಒಂದಿಷ್ಟೂ ಮುಜುಗರವಿಲ್ಲ. "ಕಷಾಯ ಕುಡಿಯದಿದ್ದರೆ ಇನ್ನೂ ಜೋರು ಬರುತ್ತಿತ್ತು." ಇಂಥ ವಾದಕ್ಕೆ ಎದುರು ವಾದವಿಲ್ಲ.

ಆದರೆ ದೊಡ್ಡ ಮಾವ ಒಬ್ಬರೇ ಹಾಗೆ ಆಸೆಪಟ್ಟವರಲ್ಲ. ಸಿಂಕೋನಾ ಎಂಬ ಇನ್ನೊಂದು ಕಹಿ ತೊಗಟೆಯಿಂದ ಕ್ವಿನೈನ್ ಸಿಕ್ಕಿದ ಮೇಲೆ ಜಗತ್ತಿನ ಕಹಿ ತೊಗಟೆಗಳನ್ನೆಲ್ಲ ನೆಕ್ಕಿ ನೋಡುವ ಕಾಲ ಬಂತು. ಫಿಲಿಪ್ಪೀನ್ಸಿನಲ್ಲಿ ನಮ್ಮ ಪಾಲೆಗೆ ಡಿಟಾ ಎನ್ನುತ್ತಾರೆ. 19ನೇ ಶತಮಾನದಲ್ಲಿ ಅದರ ತೊಗಟೆಯ ಸಾರಕ್ಕೆ ಡಿಟೈನ್ ಎಂದು ಹೆಸರಿಟ್ಟು, ಕ್ವಿನೈನಿಗೆ ಇದೇ ಬದಲಿ ಎಂದು ನಂಬಿದವರಿದ್ದರು. ಕ್ವಿನೈನಿಗೆ ಅದು ಸಾಟಿಯಾಗಲಿಲ್ಲ. ಸುದ್ದಿ ಅಲ್ಲಿಗೇ ಮುಗಿಯಿತೆಂದುಕೊಂಡರೆ, 1980ರ ದಶಕದಲ್ಲಿ ಕೇಂದ್ರ ಸರ್ಕಾರದ ಆಯುರ್ವೇದ ಸಂಶೋಧನಾ ಮಂಡಳಿ ಮಲೇರಿಯಾಕ್ಕೆಂದು ಆಯುಷ್-64 ಎಂಬ ಮಾತ್ರೆ ಮಾಡಿತು. ಅದರಲ್ಲಿರುವುದು ಸಪ್ತಪರ್ಣಿಯ ತೊಗಟೆ, ಕಟುಕಿ, ಕಿರಾತಕಡ್ಡಿ ಮತ್ತು ನಾವು ಮಕ್ಕಳಾಗಿದ್ದಾಗ ಆಡುತ್ತಿದ್ದ ಗಜ್ಜುಗ. 2021ರ ಏಪ್ರಿಲ್‌ನಲ್ಲಿ ಕೋವಿಡ್ಡಿನ ಎರಡನೆಯ ಅಲೆ ಎದ್ದಾಗ ಆಯುಷ್ ಸಚಿವಾಲಯ ಇದನ್ನೇ ಸೌಮ್ಯ ಲಕ್ಷಣದವರಿಗೆ ಕೊಡಬಹುದೆಂದು ಸಾರಿತು. ಅಣ್ಣ ಆ ರಾತ್ರಿಯೇ ಫೋನು ಮಾಡಿದ. "ನೋಡಿದೆಯಾ, ದಿಲ್ಲಿಯವರಿಗೂ ಪಾಲೆ ಗೊತ್ತಾಯಿತು!"

ವರ್ಷಕ್ಕೊಮ್ಮೆ ಕಾಲು ಗೆರಟೆ ಕುಡಿದರೆ ವರ್ಷವಿಡೀ ಕಾಯಿಲೆ ಬಾರದು ಎಂಬುದನ್ನು ನಾನು ನಂಬುವುದಿಲ್ಲ. ದೇಹಕ್ಕೆ ಅಷ್ಟು ಜ್ಞಾಪಕಶಕ್ತಿ ಇಲ್ಲ. ಮಳೆಗಾಲದ ಹೊಟ್ಟೆಗೆ ಒಂದು ಕಹಿ ಬೀಳುವುದು, ಹುಳು ಸತ್ತು ಹಸಿವು ಏಳುವುದು, ಇಷ್ಟಾದರೆ ಅದೇ ದೊಡ್ಡದು. ಕಬ್ಬಿಣ ತಾಗಿಸಬಾರದೆಂಬ ಕಟ್ಟಳೆಗೆ ಮಾತ್ರ ನಾನು ಕೈಮುಗಿಯುತ್ತೇನೆ. ಕಲ್ಲಿನಲ್ಲಿ ಜಜ್ಜಿದರೆ ಅಂಗೈಯಗಲ ಕೆತ್ತೆ ಏಳುತ್ತದೆ, ಗಾಯ ಮಾಯುತ್ತದೆ. ಕತ್ತಿ ಹಿಡಿದವರು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಈಗ ಪೇಟೆಯ ಹತ್ತಿರದ ಮರಗಳ ಬುಡ ಸುತ್ತಲೂ ಬೋಳಾಗಿರುವುದನ್ನು ಅಣ್ಣ ನೋಡಿದ್ದಾನೆ. ಸುತ್ತ ಸಿಪ್ಪೆ ಹೋದ ಮರ ಉಳಿಯುವುದಿಲ್ಲ.

ಆಟಿಯಲ್ಲಿ ಕಹಿ ಕುಡಿಯುವವರು ನಾವು. ಇದೇ ತಿಂಗಳಲ್ಲಿ ಸಿಹಿ ತಿಂದು ಮದ್ದು ಸೇವಿಸುವ ಜಾಣರು ಕೊಡಗಿನವರು. ಅವರ ಕಕ್ಕಡ ತಿಂಗಳ ಹದಿನೆಂಟನೆಯ ದಿನಕ್ಕೆ ಮದ್ದ್ ತೊಪ್ಪು ಎಂಬ ಗಿಡದಲ್ಲಿ ಹದಿನೆಂಟು ಮದ್ದು ತುಂಬಿರುತ್ತದಂತೆ. ಸೊಪ್ಪು ಕುದಿಸಿದ ನೀರು ಕಡು ನೇರಳೆ, ಅದರಲ್ಲಿ ಪಾಯಸ. ಮರುದಿನ ಮೂತ್ರ ಕೆಂಪಾದರೆ ಮದ್ದು ಹಿಡಿಯಿತೆಂದು ಲೆಕ್ಕ. ಬ್ಯಾಂಕಿನಲ್ಲಿ ನನ್ನ ಪಕ್ಕದ ಮೇಜಿನಲ್ಲಿದ್ದ ಮಡಿಕೇರಿಯ ಗೆಳತಿ ಆ ಪಾಯಸ ತಂದು ಕೊಟ್ಟು, ಮುಂದಿನ ಅಂಕವನ್ನು ಹೇಳುವುದನ್ನೇ ಮರೆತಿದ್ದಳು. ಮರುದಿನ ಬೆಳಿಗ್ಗೆ ನಾನು ರಜೆ ಹಾಕಿ ಡಾಕ್ಟರ ಬಳಿಗೆ ಓಡಿದೆ.

ಬೆಂಗಳೂರಿಗೆ ಬಂದ ಮೇಲೆ ನನ್ನ ಪಾಲೆ ಬಾಟ್ಲಿಯಲ್ಲಿ ಬರತೊಡಗಿತು. ರಾತ್ರಿ ಬಸ್ಸಿನ ಡ್ರೈವರ ಕೈಯಲ್ಲಿ ಅಣ್ಣ ಕೊಟ್ಟು ಕಳಿಸಿದ್ದು ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿಯುತ್ತದೆ. ಒಂದು ವರ್ಷ ಬಾಟ್ಲಿ ತಪ್ಪಿಹೋಗಿ, ಇಲ್ಲಿನ ತುಳುವರು ಸಭಾಭವನದಲ್ಲಿ ನಡೆಸುವ 'ಆಟಿಡೊಂಜಿ ದಿನ'ಕ್ಕೆ ಹೋಗಿದ್ದೆ. ಪತ್ರೊಡೆಯ ಕೌಂಟರು, ಸೆಲ್ಫಿಗೆಂದು ನೊಗ ನೇಗಿಲು, ಒಂದು ಮೂಲೆಯಲ್ಲಿ ನಲ್ಲಿಯಿದ್ದ ಸ್ಟೀಲ್ ಡ್ರಮ್ಮಿನಲ್ಲಿ ಕಷಾಯ, ಪಕ್ಕದಲ್ಲಿ ಕಾಗದದ ಕಪ್ಪು. ಕೊಡುತ್ತಿದ್ದ ಹುಡುಗನ ಹತ್ತಿರ, ಬಾಯಿತಪ್ಪಿ ಎಂಬಂತೆ, "ಹಾಲು ಇತ್ತಾ?" ಎಂದು ಕೇಳಿದೆ. ಪಾಪ, ಬಹಳ ವಿನಯದ ಹುಡುಗ. "ಕಾಫಿ ಆ ಕಡೆ ಉಂಟು ಆಂಟಿ" ಎಂದ.

ಅಂದು ಅಣ್ಣ ಮರ ತೋರಿಸಿದ ಮೇಲೆ ನಾನು ಕೆಳಗೆ ಬಗ್ಗಿದ ಗೆಲ್ಲಿನಿಂದ ಒಂದು ಎಲೆ ಚಿವುಟಿದೆ. ತೊಟ್ಟಿನಲ್ಲಿ ಒಂದು ಕ್ಷಣ ಏನೂ ಇರಲಿಲ್ಲ. ಆಮೇಲೆ ಹಾಲು ಬಂತು, ದಪ್ಪಗೆ, ಬೆಳ್ಳಗೆ, ಬೆರಳಿಗೆ ಅಂಟಿತು. ಎಳನೀರಿನವನು ಕತ್ತಿ ಕೆಳಗಿಟ್ಟು ನಮ್ಮಿಬ್ಬರನ್ನು ನೋಡುತ್ತಿದ್ದ. ಅಣ್ಣ ಏನನ್ನೋ ಹೇಳಲು ಹೊರಟವನು ಸುಮ್ಮನಾದ. ಇಬ್ಬರಿಗೂ ಅಜ್ಜಿಯ ನೆನಪಾಗಿತ್ತು.

ಮರುದಿನವೇ ಹೋಗಿ ಎತ್ತಿದ ಕೈಯನ್ನು ವಾಪಸು ತೆಗೆದುಕೊಂಡೆ. ಸಂಘದವರು ಒಪ್ಪಿದ್ದು ಔಷಧಿಯ ಮರ ಎಂಬ ಕಾರಣಕ್ಕಲ್ಲ, ಕಡಿಸುವ ಅನುಮತಿಗೆ ಓಡಾಡಲು ಯಾರೂ ಸಿಗಲಿಲ್ಲ ಎಂಬ ಕಾರಣಕ್ಕೆ. ತಂತಿಗೆ ತಾಗುತ್ತಿದ್ದ ಮೂರು ಕೊಂಬೆ ಹೋಯಿತು, ಮರ ಉಳಿಯಿತು. ಹೂ ಮುಗಿದ ಮೇಲೆ ಜೋಡಿಜೋಡಿಯಾಗಿ ಅಲಸಂಡೆಯಂಥ ಉದ್ದನೆಯ ಕಾಯಿಗಳು ಇಳಿಬಿದ್ದವು. ಅವು ಒಡೆದಾಗ ಎರಡೂ ತುದಿಗೆ ರೇಷ್ಮೆ ಕೂದಲಿನ ಸಣ್ಣ ಬೀಜಗಳು ಹಾರಿ ಮೂರನೆಯ ಮಹಡಿಯ ಬಾಲ್ಕನಿಗೂ ಹೋದವು. ಆ ಮರದ ಕೆತ್ತೆಯನ್ನು ನಾನು ಮುಟ್ಟಿಲ್ಲ. ದಿನವಿಡೀ ಬಸ್ಸಿನ ಹೊಗೆ ಕುಡಿಯುವ ಮರದಲ್ಲಿ ಯಾವ ಸಾವಿರದೊಂದು ಬಂದು ಸೇರಿರುತ್ತದೋ ಹೇಳಲಾಗದು. ಬಾಟ್ಲಿ ಊರಿನಿಂದಲೇ ಬರುತ್ತಿದೆ. ಕಳೆದ ಆಟಿಯಲ್ಲಿ ಮಗಳು ಅರ್ಧ ಚಮಚ ಕುಡಿದು ಮುಖ ಹಿಂಡಿ, ಕೆಳಗೆ ಹೋಗಿ ಎಲೆ ಎಣಿಸಿ ಬಂದಳು.

ಮುಂದಿನ ಆಟಿಗೆ ಯಾರಾದರೂ ಮೊದಲ ಸಲ ಕೆತ್ತೆ ತರಲು ಹೊರಡುವವರಿದ್ದರೆ, ಮುನ್ನಾದಿನ ಹಗಲಿನಲ್ಲೇ ಮರ ಬಲ್ಲವರನ್ನು ಕರೆದುಕೊಂಡು ಹೋಗಿ. ಗಿಣ್ಣಿನ ಸುತ್ತ ಕೊಡೆಯಂತೆ ಎಲೆಗಳಿವೆಯೇ ಎಣಿಸಿ ನೋಡಿ; ಎದುರುಬದುರು ಎರಡೆರಡೇ ಇದ್ದು, ಎಲೆಯ ಬುಡದಿಂದಲೇ ಮೂರೋ ಐದೋ ನರ ಹೊರಟಿದ್ದರೆ ಅದು ಕಾಸರಕ, ಹಿಂದೆ ಬನ್ನಿ. ಎಲೆ ಚಿವುಟಿ ಹಾಲು ನೋಡಿ. ಹಾಲೊಂದೇ ಸಾಲದು, ಕಣಗಿಲೆಯಲ್ಲೂ ಹಾಲುಂಟು. ಎಲೆಯೂ ಹಾಲೂ ಎರಡೂ ಸರಿಯಿರಬೇಕು. ಬೆಳಿಗ್ಗೆ ಹೋಗುವಾಗ ಟಾರ್ಚು ಹಿಡಿದುಕೊಳ್ಳಿ, ಮದ್ದೇನೂ ಮುನಿಸಿಕೊಳ್ಳುವುದಿಲ್ಲ, ಬಟ್ಟೆಯನ್ನೂ ಹಾಕಿಕೊಳ್ಳಿ. ಸಣ್ಣ ಸಂಶಯ ಬಂದರೂ ಬರಿಗೈಯಲ್ಲೇ ಮನೆಗೆ ಬನ್ನಿ. ಮೆಂತ್ಯದ ಗಂಜಿ ಹೇಗೂ ಒಲೆಯ ಮೇಲಿರುತ್ತದೆ.